ವಾರಕ್ಕೆ 168 ಗಂಟೆ: ಆರೋಗ್ಯ ಸಚಿವರಿಗೆ ಒಬ್ಬ ಮತ್ತಿನ ಡಾಕ್ಟರ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಹಾಸನದಿಂದ ನಮಸ್ಕಾರಗಳು.

ನಾನು ಮತ್ತಿನ ಡಾಕ್ಟರ್. ಸೇವಾ ಪುಸ್ತಕದಲ್ಲಿ ‘ಅರಿವಳಿಕೆ ತಜ್ಞೆ’ ಎಂದಿದೆ. ವಾರ್ಡಿನಲ್ಲಿ ಯಾರೂ ಹಾಗೆ ಕರೆದದ್ದು ನೆನಪಿಲ್ಲ. ‘ಮತ್ತು ಕೊಡೋ ಮೇಡಂ’ ಅನ್ನುತ್ತಿದ್ದರು, ಇಲ್ಲದಿದ್ದರೆ ‘ಬೆನ್ನಿಗೆ ಚುಚ್ಚೋ ಡಾಕ್ಟ್ರಮ್ಮ’. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಿಯಾದೆ. ಈಗಲೂ ಯಾರಾದರೂ ಕರೆದರೆ ಹೋಗುತ್ತೇನೆ. ನೌಕರಿಯಲ್ಲಿದ್ದಾಗ ಇಂಥ ಪತ್ರ ಬರೆಯುವ ಹಾಗಿರಲಿಲ್ಲ. ಈಗ ಬರೆಯಬಹುದು. ಪಿಂಚಣಿ ಮಾತ್ರ ನಿಲ್ಲಿಸಬೇಡಿ ಸ್ವಾಮಿ.

ಒಂದು ಬೋರ್ಡಿನಿಂದ ಶುರು ಮಾಡುತ್ತೇನೆ. ನಾನು ಕೆಲಸ ಮಾಡಿದ ಒಂದು ತಾಲ್ಲೂಕು ಆಸ್ಪತ್ರೆಯ ಗೇಟಿನಲ್ಲಿ ನೀಲಿ ಬೋರ್ಡ್ ಇತ್ತು. ದಿನದ 24 ಗಂಟೆಯೂ ಹೆರಿಗೆ, ಸಿಸೇರಿಯನ್ ಸೌಲಭ್ಯ ಇದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಳಗೆ ಹೆರಿಗೆ ವಾರ್ಡಿನ ಗೋಡೆಗೆ ಡ್ಯೂಟಿ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಅರಿವಳಿಕೆಯ ಸಾಲಿನಲ್ಲಿ ಸೋಮವಾರದಿಂದ ಭಾನುವಾರದ ತನಕ ಒಂದೇ ಹೆಸರು. ನನ್ನದು. ರಾತ್ರಿಯ ಮನೆಗಳಲ್ಲಿ ‘ಕರೆ ಮೇರೆಗೆ’ ಎಂದು ಬರೆದಿತ್ತು.

ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿದರೆ ಅದು ಪೂರ್ತಿ ದುಡಿಮೆ. ಇನ್ನು 120 ಗಂಟೆ ಉಳಿಯಿತು. ಅದರಲ್ಲಿ ರಾತ್ರಿಗಳೆಲ್ಲ ಬಂದವು, ಭಾನುವಾರ ಬಂತು, ಹಬ್ಬ ಹರಿದಿನ ಬಂತು. ಇಲಾಖೆಯ ವರದಿಯಲ್ಲಿ ಮಾತ್ರ ನಮ್ಮ ಆಸ್ಪತ್ರೆ ಪಾಸು. ಮಂಜೂರಾದ ಹುದ್ದೆ 1, ಭರ್ತಿಯಾದದ್ದು 1, ಖಾಲಿ 0. ಆ ಸೊನ್ನೆ ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಹುದ್ದೆ ಭರ್ತಿಯಾಗಿತ್ತು, ರಾತ್ರಿಗಳು ಖಾಲಿ ಇದ್ದವು. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ: ನಮ್ಮನ್ನು ಗಂಟೆಯ ಲೆಕ್ಕದಲ್ಲಿ ಎಣಿಸಿ. ಉಳಿದದ್ದೆಲ್ಲ ಇದರ ಹಿಂದೆ ಮುಂದೆ ಬರುವ ಮಾತು.

‘ಕರೆ ಮೇರೆಗೆ’ ಅಂದರೆ ಏನು ಅಂತ ಹೇಳುತ್ತೇನೆ. ತಲೆದಿಂಬಿನ ಪಕ್ಕ ಫೋನು. ಸ್ನಾನಕ್ಕೆ ಹೋದರೆ ಬಚ್ಚಲ ಕಿಟಕಿಯ ಮೇಲೆ ಫೋನು. ಮದುವೆ ಮನೆಗೆ ಹೋದರೆ ಎಲೆ ಮುಂದೆ ಕೂರುವ ಮುಂಚೆ ಸಿಗ್ನಲ್ ಇದೆಯಾ ಅಂತ ನೋಡಿಕೊಳ್ಳುವುದು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ವಾ? ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆಮೇಲೆ ಆಸ್ಪತ್ರೆಯ ವಾಚ್‌ಮನ್ ಬೈಕಿನಲ್ಲಿ ಬಂದು ಗೇಟು ಬಡಿಯಬೇಕು. ಇದನ್ನು ಸೇವೆ, ತ್ಯಾಗ ಅಂತೆಲ್ಲ ಹೊಗಳಿ ಶಾಲು ಹೊದಿಸುವವರಿದ್ದಾರೆ. ನನಗೂ ಎರಡು ಶಾಲು ಬಂದಿವೆ. ಆದರೆ ನಿದ್ದೆಗೆಟ್ಟ ಮತ್ತಿನ ಡಾಕ್ಟರ್ ಅಪಾಯ. ಮೂರು ರಾತ್ರಿ ಕಣ್ಣು ಮುಚ್ಚದ ಡ್ರೈವರನ ಬಸ್ಸಿನಲ್ಲಿ ನಿಮ್ಮ ಮನೆಯವರನ್ನು ಶಿರಾಡಿ ಘಾಟಿ ಇಳಿಸುತ್ತೀರಾ?

ಒಂದು ವರ್ಷ ಆಷಾಢದಲ್ಲಿ ನಮ್ಮ ಅಪ್ಪನ ತಿಥಿಗೆ ಎರಡು ದಿನ ರಜೆ ಹಾಕಿದ್ದೆ. ನನ್ನ ಬದಲಿಗೆ ಯಾರನ್ನೂ ಹಾಕಿರಲಿಲ್ಲ. ಹಾಕಲು ಯಾರೂ ಇರಲಿಲ್ಲ. ಆ ರಾತ್ರಿ ಎಸ್ಟೇಟಿನ ಲೈನ್ ಮನೆಯಿಂದ ಒಬ್ಬ ಚೊಚ್ಚಲ ಬಸುರಿಯನ್ನು ಜೀಪಿನಲ್ಲಿ ಕರೆದುಕೊಂಡು ಬಂದರು. ಮಗು ಅಡ್ಡ ಸಿಕ್ಕಿಕೊಂಡಿತ್ತು. ಸಿಸೇರಿಯನ್ ಮಾಡಲೇಬೇಕು. ಹೆರಿಗೆ ಡಾಕ್ಟರ್ ಇದ್ದರು. ಸ್ಟಾಫ್ ನರ್ಸ್ ಇದ್ದರು. ಓಟಿ, ಅಂದರೆ ಆಪರೇಷನ್ ಕೋಣೆ ಇತ್ತು, ಫ್ರಿಜ್ಜಿನಲ್ಲಿ ರಕ್ತ ಇತ್ತು, ಜನರೇಟರಿಗೆ ಡೀಸೆಲ್ ಕೂಡ ಇತ್ತು. ನಾನು ಇರಲಿಲ್ಲ. 108 ಕರೆಸಿ ಹಾಸನಕ್ಕೆ ಕಳಿಸಿದರು. ದಾರಿಯಲ್ಲಿ ಒಂದು ಕಡೆ ಮರ ಬಿದ್ದಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಎರಡು ತಿಂಗಳ ಮೇಲೆ ಸಂತೆಯಲ್ಲಿ ಆ ಹುಡುಗಿಯ ಅತ್ತೆ ಸಿಕ್ಕಿದರು. ‘ಆವತ್ತು ನೀವು ಊರಲ್ಲಿ ಇರ್ನಿಲ್ವಂತೆ ಮೇಡಮ್ಮೋರೆ’ ಅಂದರು. ಬೈಯಲಿಲ್ಲ. ಸುಮ್ನೆ ಒಂದು ಸುದ್ದಿ ಹೇಳಿದ ಹಾಗೆ ಹೇಳಿ, ಹಸಿಮೆಣಸಿನಕಾಯಿ ಆರಿಸಲು ಬಗ್ಗಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

‘ಬೆನ್ನಿಗೆ ಒಂದು ಇಂಜೆಕ್ಷನ್ ತಾನೇ, ಹೆರಿಗೆ ಡಾಕ್ಟರೇ ಕೊಟ್ಟುಕೊಳ್ಳಬಾರದಾ?’ ಅಂತ ಒಮ್ಮೆ ಮೀಟಿಂಗಿನಲ್ಲಿ ದೊಡ್ಡ ಅಧಿಕಾರಿಯೊಬ್ಬರು ಕೇಳಿದ್ದರು. ಚುಚ್ಚುವುದು ದೊಡ್ಡ ವಿದ್ಯೆ ಏನಲ್ಲ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲೇ ತೋರಿಸಿಕೊಟ್ಟ ದಾರಿ ಅದು. ಕೈ ಕುದುರಿದವರಿಗೆ ಐದು ನಿಮಿಷ ಸಾಕು. ಕೆಲಸ ಶುರುವಾಗುವುದು ಚುಚ್ಚಿದ ಮೇಲೆ. ಔಷಧ ಹಿಡಿದ ಕೂಡಲೇ ಕಾಲು, ಹೊಟ್ಟೆಯ ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ಕುಸಿಯುತ್ತದೆ. ತುಂಬು ಬಸುರಿಗೆ ಇದು ಇನ್ನೂ ಜಾಸ್ತಿ. ಅಂಗಾತ ಮಲಗಿದರೆ ಗರ್ಭದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಅದಕ್ಕೇ ಬಲಸೊಂಟದ ಅಡಿಗೆ ಬಟ್ಟೆಯ ಸುರುಳಿ ಇಟ್ಟು ಎಡಕ್ಕೆ ವಾಲಿಸುತ್ತೇವೆ. ‘ವಾಕರಿಕೆ ಬರ್ತಿದೆ ಮೇಡಂ’ ಅನ್ನುತ್ತಾಳೆ. ಎಷ್ಟೋ ಸಲ ಅದು ಬಿಪಿ ಇಳಿದ ಸುದ್ದಿ. ಔಷಧ ಬೇಕಾದ್ದಕ್ಕಿಂತ ಮೇಲೆ ಏರಿದರೆ ಮೊದಲು ಕೈ ಜೋಮು ಹಿಡಿಯುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ಅಷ್ಟು ಹೊತ್ತಿಗೆ ಹೆರಿಗೆ ಡಾಕ್ಟರ ಎರಡೂ ಕೈ ಅವಳ ಹೊಟ್ಟೆಯಲ್ಲಿರುತ್ತವೆ. ತಲೆಯ ಹತ್ತಿರ ಯಾರಿದ್ದಾರೆ? ನಮ್ಮ ಕೆಲಸಕ್ಕೆ ಸರಿಯಾದ ಹೆಸರು ಹುಡುಕಿದರೆ ‘ತಲೆ ಹತ್ತಿರ ನಿಲ್ಲುವವರು’ ಅಂತ ಇಡಬಹುದು. ಮತ್ತು ಕೊಡುವುದು ಅದರಲ್ಲಿ ಚಿಕ್ಕ ಭಾಗ.

ಓಟಿಯ ಹೊರಗೂ ಅದೇ ಕೆಲಸ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಗಾಯ ಕಾಣುವುದೇ ಇಲ್ಲ. ಬೆಳಗಿನ ಜಾವ ರೆಪ್ಪೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆಗ ಗಂಟಲಿಗೆ ನಳಿಗೆ ಹಾಕಿ, ಅವನ ಬದಲು ನಾವು ಉಸಿರಾಡಿಸಬೇಕು. ಹಾವಿನ ಕಡಿತವನ್ನು ವರದಿ ಮಾಡಲೇಬೇಕು ಎಂದು ನಮ್ಮ ರಾಜ್ಯ 2024ರಲ್ಲೇ ಆದೇಶ ಮಾಡಿತು. ಒಳ್ಳೆಯದಾಯಿತು. ಆದರೆ ಹಾವು ಬೆಳಿಗ್ಗೆ 9ರಿಂದ ಸಂಜೆ 4ರ ಡ್ಯೂಟಿ ಮಾಡುವುದಿಲ್ಲ.

‘ಹಾಗಾದರೆ ಪ್ರತಿ ತಾಲ್ಲೂಕಿಗೂ ನಾಲ್ಕು ನಾಲ್ಕು ಜನ ಎಲ್ಲಿಂದ ತರೋಣ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲಕ್ಷ ಜನಕ್ಕೆ ಕಡೇ ಪಕ್ಷ 5 ಅರಿವಳಿಕೆ ವೈದ್ಯರು ಇರಬೇಕು ಅಂತ ನಮ್ಮ ಜಾಗತಿಕ ಒಕ್ಕೂಟ ಹೇಳುತ್ತದೆ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಗೆ 17.76 ಲಕ್ಷ, ಚಿಕ್ಕಮಗಳೂರಿಗೆ 11.38 ಲಕ್ಷ. ಆ ಹಳೆಯ ಲೆಕ್ಕದಲ್ಲೇ ಹಾಸನಕ್ಕೆ 89, ಚಿಕ್ಕಮಗಳೂರಿಗೆ 57 ಜನ ಬೇಕು. ಸರ್ಕಾರಿ, ಖಾಸಗಿ ಎಲ್ಲ ಸೇರಿ. ನಾನು ಕಂಡ ಹಾಗೆ, ಇರುವವರಲ್ಲಿ ಬಹುಪಾಲು ಜನ ಎರಡು ಜಿಲ್ಲಾ ಕೇಂದ್ರಗಳಲ್ಲೇ ಇದ್ದಾರೆ. ಅವರನ್ನು ದೂರುವುದಿಲ್ಲ. ಒಬ್ಬರೇ ಇರುವ ಕಡೆಗೆ ಯಾರು ಹೋಗುತ್ತಾರೆ? ನಾನು ಹೋದದ್ದು ಕೂಡ ಊರು ಹಂಚುವ ಕೌನ್ಸೆಲಿಂಗಿನಲ್ಲಿ ಬೇರೆ ಜಾಗ ಉಳಿದಿರಲಿಲ್ಲ ಅಂತ.

ಅದಕ್ಕೇ ನನ್ನ ಸಲಹೆ ಹೊಸ ಹುದ್ದೆಗಳಿಂದ ಶುರುವಾಗುವುದಿಲ್ಲ. ಇರುವವರನ್ನೇ ಬೇರೆ ರೀತಿ ಕೂರಿಸಿ. ನಾಲ್ಕು ಆಸ್ಪತ್ರೆಗಳಲ್ಲಿ ಒಬ್ಬೊಬ್ಬರನ್ನು ಇಟ್ಟರೆ ನಾಲ್ಕಕ್ಕೂ ರಾತ್ರಿ ಇಲ್ಲ. ಅದೇ ನಾಲ್ವರನ್ನು ಒಂದೇ ಕಡೆ ಇಟ್ಟರೆ ತಲಾ 42 ಗಂಟೆ, ಒಟ್ಟು 168. ಒಂದು ಆಸ್ಪತ್ರೆಯಾದರೂ ನಿಜವಾಗಿ ಎದ್ದಿರುತ್ತದೆ. ಕಡೂರು, ತರೀಕೆರೆ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಬಯಲುಸೀಮೆ. ರಸ್ತೆ ಚೆನ್ನಾಗಿದೆ. ಅಲ್ಲಿ ಎರಡು ಮೂರು ತಾಲ್ಲೂಕು ಸೇರಿಸಿ ಒಂದು ಕಡೆ ಗಟ್ಟಿ ತಂಡ ಕಟ್ಟಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಈ ಲೆಕ್ಕ ನಡೆಯುವುದಿಲ್ಲ. ಕಳಸದಿಂದ ಹೊರಟ ಬಸುರಿಗೆ ನಕ್ಷೆಯಲ್ಲಿ ಅಳೆದ ಕಿಲೋಮೀಟರು ಯಾವ ಉಪಯೋಗಕ್ಕೂ ಬರುವುದಿಲ್ಲ, ತಿರುವು ಎಣಿಸಬೇಕು. ಅಲ್ಲಿ ಜೋಡಿಯಾಗಿ ಹಾಕಿ, ಇಬ್ಬರಿಗೂ ಆಸ್ಪತ್ರೆಯ ಪಕ್ಕದಲ್ಲೇ ಸೋರದ ಮನೆ ಕೊಡಿ. ಈ ಏರ್ಪಾಟು ಶಾಸಕರಿಗೆ ಇಷ್ಟವಾಗುವುದಿಲ್ಲ ಅಂತ ಗೊತ್ತು. ‘ನನ್ನ ಕ್ಷೇತ್ರದ ಡಾಕ್ಟರನ್ನು ಕಿತ್ತುಕೊಂಡರು’ ಅಂತ ಗಲಾಟೆ ಆಗುತ್ತದೆ. ಅವರಿಗೆ ಈ ಪತ್ರ ತೋರಿಸಿ.

ಇನ್ನೊಂದು ಕಡೆಯೂ ಜನ ಇದ್ದಾರೆ. ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ ಹೆರಿಗೆ ತುರ್ತಿಗೆ ಬೇಕಾದಷ್ಟು ಅರಿವಳಿಕೆ ಕಲಿಸುವ ತರಬೇತಿಯನ್ನು ಕೇಂದ್ರ ಸರ್ಕಾರ ಶುರು ಮಾಡಿ ಬಹಳ ವರ್ಷವಾಯಿತು. ಮೊದಲಿಗೆ ಅದು 18 ವಾರದ್ದಿತ್ತು. ತಜ್ಞರಿಗೆ ಇದು ಬದಲಿ ಅಲ್ಲ ಅನ್ನುವ ನಮ್ಮವರ ತಕರಾರು ನನಗೂ ಅರ್ಥವಾಗುತ್ತದೆ. ನಾನೇ ಕೆಲವರಿಗೆ ಕೈ ಹಿಡಿದು ಕಲಿಸಿದ್ದೇನೆ. ಅವರಲ್ಲಿ ಒಬ್ಬ ಹುಡುಗ ನನಗಿಂತ ಚೆನ್ನಾಗಿ ಸ್ಪೈನಲ್, ಅಂದರೆ ಆ ಬೆನ್ನಿನ ಇಂಜೆಕ್ಷನ್ ಕೊಡುತ್ತಿದ್ದ. ತರಬೇತಿ ಮುಗಿಸಿ ಹೋದವನನ್ನು ಓಟಿಯೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಎರಡು ವರ್ಷದ ಮೇಲೆ ಸಿಕ್ಕಿದಾಗ ‘ಸೂಜಿ ಹಿಡಿದು ಮರೆತೇ ಹೋಯ್ತು ಮೇಡಂ’ ಅಂದ. ಇಂಥವರು ಎಲ್ಲೆಲ್ಲಿ ಕೂತಿದ್ದಾರೆ ಅಂತ ಒಂದು ಪಟ್ಟಿ ತರಿಸಿ ನೋಡಿ. ಒಂದು ವಾರದ ಕೆಲಸ.

ಗಂಟೆಯ ಲೆಕ್ಕ ಆಪರೇಷನ್ ಟೇಬಲ್ಲಿನ ಮೇಲೆ ಶುರುವಾಗಿ ಅಲ್ಲೇ ಮುಗಿಯುವುದೂ ಇಲ್ಲ. ಹಿಂದಿನ ದಿನ ಒಂದಷ್ಟು, ಆಮೇಲೆ ಒಂದಷ್ಟು ಗಂಟೆ ಇವೆ. ಅವು ಯಾವ ವರದಿಯಲ್ಲೂ ಬರುವುದಿಲ್ಲ.

2025ರ ಜೂನ್, ಜುಲೈ ನೆನಪಿಸಿಕೊಳ್ಳಿ. ಹೃದಯಾಘಾತದ ಸುದ್ದಿಯಲ್ಲಿ ಹಾಸನದ ಹೆಸರು ದಿನಾ ಟಿವಿಯಲ್ಲಿ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಆಮೇಲೆ ನನ್ನ ಹತ್ತಿರ ಬರುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಇಸಿಜಿ. ‘ಹಾರ್ಟ್ ನೋಡಿಸಿ ಆಗಿದೆ, ಇನ್ನೇನು ಕೇಳ್ತೀರಾ?’ ಅನ್ನುವ ಮುಖ. ಇಸಿಜಿ ಆ ಕ್ಷಣದ ಚಿತ್ರ ಅಷ್ಟೇ. ನಾನು ಕೇಳುವುದು ಬೇರೆ. ‘ತೋಟದ ಏರು ಹತ್ತುವಾಗ ಮಧ್ಯೆ ನಿಂತ್ಕೋತೀರಾ? ಹೋದ ವರ್ಷ ನಿಲ್ತಿದ್ರಾ?’ ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಬಲ್ಲವರ ಎದೆ ಸಾಮಾನ್ಯವಾಗಿ ಆಪರೇಷನ್ನನ್ನೂ ತಡೆಯುತ್ತದೆ. ನಮ್ಮ ಕಡೆ ಮಹಡಿಗಿಂತ ಏರು ಜಾಸ್ತಿ, ಅದಕ್ಕೆ ಹೀಗೆ ಕೇಳುತ್ತೇನೆ. ಹಲ್ಲು ಅಲ್ಲಾಡುತ್ತದಾ, ಬಾಯಿ ಎಷ್ಟು ತೆರೆಯುತ್ತದೆ, ರಾತ್ರಿ ಗೊರಕೆ ಹೇಗೆ, ಹಿಂದೆ ಮತ್ತು ಕೊಟ್ಟಾಗ ಏನಾದರೂ ಆಗಿತ್ತಾ. ಕುಡಿಯುವ ಅಭ್ಯಾಸದ ಪ್ರಶ್ನೆಯನ್ನು ಹೆಂಡತಿಯನ್ನು ಹೊರಗೆ ಕಳಿಸಿ ಕೇಳಬೇಕು. ಕೆಲವು ಸಲ ಗಂಡನನ್ನು ಹೊರಗೆ ಕಳಿಸಿ ಹೆಂಡತಿಯನ್ನು ಕೇಳಿದರೆ ಸರಿಯಾದ ಅಳತೆ ಸಿಗುತ್ತದೆ. ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರಾದರೆ ಭಾಷೆ ಬಲ್ಲ ಮೇಸ್ತ್ರಿಯನ್ನು ಹುಡುಕಬೇಕು. ಇದಕ್ಕೆಲ್ಲ ಹೊತ್ತು ಬೇಕು. ಆಪರೇಷನ್ ದಿನ ಓಟಿ ಬಾಗಿಲಲ್ಲಿ ಸ್ಟ್ರೆಚರ್ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆಗಳಲ್ಲ ಇವು.

ಈಗ ಒಂದು ದಿನ ಮುಂಚೆ ನೋಡಿದರೂ ಕೆಲವು ಸಲ ಸಾಲದು. ಡಾಪಾಗ್ಲಿಫ್ಲೋಜಿನ್ ಜಾತಿಯ ಶುಗರ್ ಮಾತ್ರೆಗಳು ಅಗ್ಗವಾಗಿ ಹಳ್ಳಿ ಹಳ್ಳಿ ತಲುಪಿವೆ. ಅವನ್ನು ಆಪರೇಷನ್ನಿಗೆ ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ಸರಿಯಿದ್ದ ಹಾಗೆ ಕಂಡರೂ ರಕ್ತದಲ್ಲಿ ಆಮ್ಲ ಏರಬಹುದು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್ ಬಂದಿದೆ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಂದ ಉಪವಾಸ ಇದ್ದವರ ಹೊಟ್ಟೆಯಲ್ಲೂ ಅನ್ನ ಉಳಿದಿರಬಹುದು. ವಾರಕ್ಕೆರಡು ದಿನ ಮಧ್ಯಾಹ್ನ ಅರಿವಳಿಕೆಯ ಓಪಿಡಿ ಅಂತ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ ಕೊಟ್ಟರೆ ಸಾಕು. ನಾನು ಆ ಕೋಣೆ ಕೇಳಿದಾಗ ಸ್ಟೋರಿನವರು ಹಳೆಯ ಮಂಚ ಇಡಲು ಜಾಗ ಇಲ್ಲ ಅಂದಿದ್ದರು.

ಇಲ್ಲಿ ಸ್ವಲ್ಪ ಹೊತ್ತು ಸಚಿವರನ್ನು ಬಿಟ್ಟು ನಮ್ಮೂರಿನವರ ಹತ್ತಿರ ಮಾತಾಡುತ್ತೇನೆ. ಕಾಫಿ ವಿಷಯ. ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು, ಯಾಕೆಂದರೆ ಮತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಆದರೆ ಖಾಲಿ ಅನ್ನುವುದಕ್ಕೂ ಗಂಟೆ ಇದೆ. ನೀರು, ಹಾಲು ಹಾಕದ ಬೆಲ್ಲದ ಕಾಫಿ, ತಿಳಿ ಎಳನೀರು ಎರಡು ಗಂಟೆ ಮುಂಚಿನ ತನಕ ಕುಡಿಯಬಹುದು. ಹಾಲು ಬಿದ್ದ ಕೂಡಲೇ ಅದು ಊಟದ ಲೆಕ್ಕಕ್ಕೆ ಬರುತ್ತದೆ, ಆರು ಗಂಟೆ. ಇಡ್ಲಿಯಂಥ ಹಗುರ ತಿಂಡಿಗೂ ಆರು. ರಾತ್ರಿ ಕಡುಬು, ಹಂದಿ ಸಾರು ಹೊಡೆದಿದ್ದರೆ ಎಂಟು ಗಂಟೆ, ದಯವಿಟ್ಟು ನಿಜ ಹೇಳಿ. ಎದೆಹಾಲು ಕುಡಿಯುವ ಮಗುವಿಗೆ ನಾಲ್ಕು. ‘ಬರೀ ಒಂದು ಲೋಟ ಕಾಫಿ ಮೇಡಂ, ಊಟ ಏನೂ ಮಾಡಿಲ್ಲ’ ಅಂದವರನ್ನು ಎಷ್ಟು ಸಲ ವಾಪಸ್ ಕಳಿಸಿದ್ದೇನೋ. ನಮ್ಮ ಸೀಮೆಯಲ್ಲಿ ಕಾಫಿಯನ್ನು ಯಾರೂ ಆಹಾರ ಅಂತ ಎಣಿಸುವುದಿಲ್ಲ. ಅದರ ಉಲ್ಟಾ ತಪ್ಪು ಆಸ್ಪತ್ರೆಗಳದ್ದು. ‘ರಾತ್ರಿ ಹತ್ತರ ಮೇಲೆ ನೀರೂ ಬೇಡ’ ಅಂತ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. ಪಟ್ಟಿಯಲ್ಲಿ ಕೊನೆಯ ಹೆಸರಿನವರ ಸರದಿ ಬರುವುದು ಮಧ್ಯಾಹ್ನ ಎರಡಕ್ಕೆ. 16 ಗಂಟೆ ತುಟಿ ಒಣಗಿಸಿಕೊಂಡು ಬಂದ 70 ವರ್ಷದ ಅಜ್ಜನಿಗೆ ಸ್ಪೈನಲ್ ಕೊಟ್ಟರೆ ಬಿಪಿ ಎಲ್ಲಿಗೆ ಹೋಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಬೆಳಗಿನ ಬಿಪಿ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಯಾವುದನ್ನು ಒಂದು ಗುಟುಕು ನೀರಿನಲ್ಲಿ ನುಂಗಬೇಕು, ಯಾವುದನ್ನು ಬಿಡಬೇಕು ಅಂತ ಕೇಳಿ ಬರೆಸಿಕೊಳ್ಳಿ.

ಮತ್ತೆ ಸಚಿವರ ಹತ್ತಿರ ಬರುತ್ತೇನೆ. ಟೆಂಡರ್ ಮಾತು. ಸಿಸೇರಿಯನ್ ನಡೆಯುವ ಓಟಿಯಲ್ಲಿ ಎರಡು ಔಷಧ ಯಾವಾಗಲೂ ಇರುತ್ತವೆ. ಒಂದು ಬೆನ್ನಿಗೆ ಕೊಡುವ ಬುಪಿವಕೇನ್. ಇನ್ನೊಂದು ರಕ್ತಸ್ರಾವ ನಿಲ್ಲಿಸಲು ನರಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್. ಎರಡೂ ನೀರಿನ ಹಾಗಿರುತ್ತವೆ, ಎರಡೂ ಪುಟ್ಟ ಗಾಜಿನ ಆಂಪ್ಯೂಲ್. ಅದಲು ಬದಲಾಗಿ ಎರಡನೆಯದು ಬೆನ್ನಿಗೆ ಹೋದರೆ ಫಿಟ್ಸ್ ಬರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಬದುಕುವುದು ಕಷ್ಟ. ಇಂಥವು ಬೇರೆ ಬೇರೆ ದೇಶಗಳಲ್ಲಿ ಆದದ್ದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟು, ಎರಡನ್ನೂ ಬೇರೆ ಬೇರೆ ಕಡೆ ಇಡಿ ಎಂದಿತು.

ಒಂದು ಬೆಳಗಿನ ಜಾವ ಮೂರೂವರೆಗೆ ನಾನು ಆ ಆಂಪ್ಯೂಲ್ ಕೈಯಲ್ಲಿ ಹಿಡಿದಿದ್ದೆ. ಆ ರಾತ್ರಿಯ ಮೂರನೇ ಕೇಸು. ಹಿಂದಿನ ತಿಂಗಳ ಸರಬರಾಜಿನಲ್ಲಿ ಬೇರೆ ಥರ ಇದ್ದದ್ದು ಈ ತಿಂಗಳು ಬೇರೆ ಕಂಪನಿಯಿಂದ ಬಂದು, ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ಆಂಪ್ಯೂಲಿನ ಕತ್ತು ಮುರಿಯುವ ಮುಂಚೆ ಹೆಸರನ್ನು ಗಟ್ಟಿಯಾಗಿ ಓದುವ ಅಭ್ಯಾಸ ನನಗೆ ನಮ್ಮ ಮೇಷ್ಟ್ರು ಮಾಡಿಸಿದ್ದರು. ಓದಿದೆ. ನನ್ನ ಬಾಯಿಂದ ಬೇರೆ ಹೆಸರು ಬಂತು. ಟೇಬಲ್ಲಿನ ಮೇಲೆ ಬೆನ್ನು ಬಗ್ಗಿಸಿಕೊಂಡು ಕೂತಿದ್ದ ಹುಡುಗಿ ‘ಏನಾಯ್ತು ಮೇಡಂ?’ ಅಂದಳು. ‘ಏನಿಲ್ಲಮ್ಮ, ಇನ್ನೊಂದು ನಿಮಿಷ’ ಅಂದೆ. ಕೈ ನಡುಗುತ್ತಿತ್ತು. ಮಾರನೇ ದಿನವೇ ಒಂದಕ್ಕೆ ಕೆಂಪು ಟೇಪು ಸುತ್ತಿ ಬೇರೆ ಬೀರುವಿಗೆ ಸಾಗಿಸಿದೆ. ಕೆಂಪು ಟೇಪು ನನ್ನ ದುಡ್ಡಿನದು, ಹತ್ತು ರೂಪಾಯಿ. ಔಷಧ ಕೊಳ್ಳುವಾಗ ಕಡಿಮೆ ದರ ನೋಡುವುದು ಸರಿ. ಅದರ ಜೊತೆಗೆ ಆ ಆಂಪ್ಯೂಲನ್ನು ನಿದ್ದೆಗಣ್ಣಿನ ಡಾಕ್ಟರೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಇನ್ನೊಂದನ್ನು ಇಟ್ಟು, ಗುರುತು ಸಿಗುತ್ತದಾ ಅಂತ ಕೇಳುವ ಒಂದು ಸಾಲು ಟೆಂಡರಿನಲ್ಲಿ ಸೇರಲಿ.

ಆಪರೇಷನ್ ಆದ ಮೇಲಿನ ಎರಡು ಗಂಟೆ. ಇಲ್ಲಿ ನನ್ನದೇ ತಪ್ಪು ಹೇಳಬೇಕು. ಒಬ್ಬ ಹೆಂಗಸಿಗೆ ಪೂರ್ತಿ ಮತ್ತು ಕೊಟ್ಟು ಪಿತ್ತಕೋಶದ ಆಪರೇಷನ್ ಆಯಿತು. ಎಚ್ಚರಾದಳು, ಹೆಸರು ಹೇಳಿದಳು, ಕೈ ಹಿಸುಕಿದಳು. ಮುಂದಿನ ಕೇಸು ಟೇಬಲ್ಲಿನ ಮೇಲೆ ಕಾಯುತ್ತಿತ್ತು. ರಿಕವರಿ ಅಂತ ಹೆಸರಿದ್ದ ಕೋಣೆಯಲ್ಲಿ ಮಂಚ ಇತ್ತು, ನರ್ಸ್ ಇರಲಿಲ್ಲ. ವಾರ್ಡಿಗೆ ಕಳಿಸಿದೆ. ವಾರ್ಡಿನಲ್ಲಿ ಇಡೀ ಸಾಲಿಗೆ ಒಬ್ಬರೇ ಸಿಸ್ಟರ್. ಅರ್ಧ ಗಂಟೆಯಲ್ಲಿ ಅವಳು ಗೊರಕೆ ಹೊಡೆಯತೊಡಗಿದಳು. ‘ಪಾಪ, ಚೆನ್ನಾಗಿ ನಿದ್ದೆ ಬಂದೈತೆ, ಎಬ್ಬಿಸ್ಬೇಡಿ’ ಅಂತ ಮನೆಯವರು ಕಂಬಳಿ ಹೊದಿಸಿದರು. ಅದು ನಿದ್ದೆಯ ಗೊರಕೆ ಆಗಿರಲಿಲ್ಲ. ಉಳಿದ ಮತ್ತಿನಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬಿದ್ದಿತ್ತು. ಪಕ್ಕದ ಮಂಚದ ಅಜ್ಜಿ ‘ತುಟಿ ಯಾಕೆ ನೇರಳೆ ಆಗೈತೆ?’ ಅಂತ ಕೂಗಿದ್ದಕ್ಕೆ ಬಚಾವಾಯಿತು. ನಾನು ಓಡಿ ಹೋಗಿ ಗದ್ದ ಮೇಲೆತ್ತಿದೆ, ಅಷ್ಟೇ. ಎರಡು ಬೆರಳಿನ ಕೆಲಸ. ಆದರೆ ಆ ಎರಡು ಬೆರಳು ಅಲ್ಲಿ ಇರಬೇಕು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಬಂತು. ಅದರ ಮೂಲ ಉಪಾಯ ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರ್ 1974ರಲ್ಲಿ ಕೊಟ್ಟದ್ದು. ಓಟಿಯಲ್ಲಿ ಅದರ ಸದ್ದಿಗೇ ನಮ್ಮ ಕಿವಿ ಅಂಟಿರುತ್ತದೆ. ಆಮ್ಲಜನಕ ಇಳಿದರೆ ಬೀಪ್‌ನ ಸ್ವರ ಇಳಿಯುತ್ತದೆ, ತಿರುಗಿ ನೋಡುವುದೇ ಬೇಡ. ಆ ಮಿಷನ್ ವಾರ್ಡಿನಲ್ಲೂ ಇತ್ತು, ಬೀರುವಿನಲ್ಲಿ, ಕಳೆದುಹೋದೀತು ಅಂತ ಬೀಗ ಹಾಕಿ. ರಿಕವರಿ ಕೋಣೆಗೆ ನಾನು ಕೇಳುವುದು ಎರಡು ಮಂಚಕ್ಕೆ ಒಬ್ಬ ತರಬೇತಾದ ನರ್ಸ್, ಬೇರೆ ಯಾವ ಕೆಲಸಕ್ಕೂ ಅವರನ್ನು ಕರೆಯಬಾರದು. ಸಿಸೇರಿಯನ್ ಆದ ಬಾಣಂತಿಗೂ ಇದೇ ಹೊತ್ತು ಬಹಳ ಮುಖ್ಯ. ರಕ್ತಸ್ರಾವ ಶುರುವಾದರೆ ಹೊದಿಕೆಯ ಕೆಳಗೆ ಯಾರಿಗೂ ಕಾಣುವುದಿಲ್ಲ. ನಾನು ಬಿಡಿಬಿಡಿಯಾಗಿ ಕೇಳಿದವುಗಳಲ್ಲಿ ಒಂದನ್ನೇ ಕೊಡುತ್ತೇವೆ ಅಂದರೆ ಈ ನರ್ಸನ್ನೇ ಕೊಡಿ.

ಆಪರೇಷನ್ ಹೊತ್ತಿನಲ್ಲಿ ಒಂದೊಂದಾಗಿ ಓದಿ ಖಚಿತ ಮಾಡಿಕೊಳ್ಳುವ ಚೆಕ್‌ಲಿಸ್ಟ್ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿಯನ್ನು ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ, ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ನಮ್ಮಲ್ಲೂ ಆ ಹಾಳೆ ಪ್ರತಿ ಫೈಲಿನಲ್ಲಿದೆ. ಎಲ್ಲ ಕೇಸು ಮುಗಿದ ಮೇಲೆ ಒಬ್ಬರೇ ಕೂತು, ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಟಿಕ್ ಹಾಕಿದ್ದು ನೋಡಿದ್ದೇನೆ. ಹೆಚ್ಚು ಹೇಳುವುದಿಲ್ಲ.

ನಮ್ಮವರ ಭಯವನ್ನೂ ಅರ್ಥ ಮಾಡಿಕೊಳ್ಳಿ. ವೈದ್ಯರ ಮೇಲೆ ಕ್ರಿಮಿನಲ್ ಕೇಸು ಯಾವಾಗ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪು ಕೊಟ್ಟಿತಲ್ಲ, ಆ ಕೇಸಿನ ಬುಡದಲ್ಲಿ ಇದ್ದದ್ದು ಒಂದು ಖಾಲಿ ಆಕ್ಸಿಜನ್ ಸಿಲಿಂಡರ್. ಸಿಲಿಂಡರ್ ತುಂಬಿಸುವುದು ಡಾಕ್ಟರ ಕೆಲಸ ಅಲ್ಲ, ಆದರೆ ಖಾಲಿಯಾದಾಗ ಪಕ್ಕದಲ್ಲಿ ನಿಂತಿರುವವರು ನಾವೇ. ಒಬ್ಬರೇ ಇರುವ ಕಡೆ, ರಾತ್ರಿ, ಹೊರಗೆ ನಲವತ್ತು ಜನ ಸಂಬಂಧಿಕರು ಸೇರಿರುವಾಗ, ‘ರೆಫರ್’ ಅಂತ ಬರೆಯುವುದು ಸುಲಭ. ನಾನೂ ಬರೆದಿದ್ದೇನೆ. ಮಾಡಬಹುದಾಗಿದ್ದ ಕೇಸನ್ನೂ ಬರೆದಿದ್ದೇನೆ. ಪಕ್ಕದಲ್ಲಿ ಇನ್ನೊಬ್ಬ ಮತ್ತಿನ ಡಾಕ್ಟರ್ ಇದ್ದಿದ್ದರೆ ಅರ್ಧದಷ್ಟು ಬರೆಯುತ್ತಿರಲಿಲ್ಲ.

ಇವೆಲ್ಲ ಆಗಲು ವರ್ಷಗಳು ಬೇಕು ಅಂತ ಗೊತ್ತು. ಹಣಕಾಸು ಇಲಾಖೆ ಇದೆ, ಕೌನ್ಸೆಲಿಂಗ್ ಇದೆ, ಚುನಾವಣೆ ಇದೆ. ಅಲ್ಲಿಯ ತನಕ ಈ ವಾರವೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಗೇಟಿನ ನೀಲಿ ಬೋರ್ಡ್ ಇಳಿಸಿ. ಅದರ ಜಾಗದಲ್ಲಿ ಶಾಲೆಯ ಕರಿಹಲಗೆ ನೇತುಹಾಕಿ. ದಿನಾ ಸಂಜೆ ಐದಕ್ಕೆ ಸಿಸ್ಟರ್ ಬಂದು ಅದರ ಮೇಲೆ ಬರೆಯಲಿ: ‘ಇವತ್ತು ರಾತ್ರಿ ಸಿಸೇರಿಯನ್ ಇದೆ’. ಇಲ್ಲದಿದ್ದರೆ ‘ಇವತ್ತು ರಾತ್ರಿ ಇಲ್ಲ, ಹತ್ತಿರ ಇರುವುದು ಇಂಥ ಕಡೆ’. ಅದೇ ಮಾತು ಆಶಾ ಕಾರ್ಯಕರ್ತೆಯರ ವಾಟ್ಸಾಪಿಗೆ, 108ರವರಿಗೆ ಹೋಗಲಿ. ಒಂಬತ್ತು ಗಂಟೆಗೆ ನೋವು ಶುರುವಾದ ಮನೆಯವರು ಜೀಪು ಯಾವ ಕಡೆ ತಿರುಗಿಸಬೇಕು ಅಂತ ಹೊರಡುವ ಮುಂಚೆಯೇ ತಿಳಿದುಕೊಳ್ಳುತ್ತಾರೆ. ಎರಡು ಗಂಟೆ ಉಳಿಯುತ್ತದೆ.

‘ಇಲ್ಲ ಅಂತ ಬರೆದರೆ ಇಲಾಖೆಯ ಮರ್ಯಾದೆ ಏನಾಗಬೇಕು?’ ಅಂತ ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ನನಗೂ ಹೇಳಿದ್ದರು. ಒಂದು ತಿಂಗಳು ಬರೆಸಿ ನೋಡಿ. ಎಷ್ಟು ಸಂಜೆ ‘ಇಲ್ಲ’ ಬಂತು ಅಂತ ಎಣಿಸಿ. ನಿಮಗೆ ಎಷ್ಟು ಮತ್ತಿನ ಡಾಕ್ಟರುಗಳು ಬೇಕು ಅನ್ನುವ ಲೆಕ್ಕ ಆ ಹಲಗೆಯ ಮೇಲೆಯೇ ಸಿಗುತ್ತದೆ. ಎರಡೂ ಜಿಲ್ಲೆಗಳ ಸೀಮೆಸುಣ್ಣದ ಖರ್ಚು ನಾನು ಕೊಡುತ್ತೇನೆ.

ಇಂತಿ,
ನಿವೃತ್ತ ಅರಿವಳಿಕೆ ವೈದ್ಯೆ,
ಹಾಸನ